ಕಡಲು ಅಗೆದು ಕೊಡುತ್ತದೆ, ಹೆಕ್ಕುವವನಿಗೆ ತಿಳಿವಳಿಕೆ ಬೇಕು: ಪಳೆಯುಳಿಕೆ, ಅಂಬರ್ ಹುಡುಕಾಟದ ಒಳಹೊರಗು

ಮಳೆಗಾಲ ಬಂತೆಂದರೆ ಉಳ್ಳಾಲದಿಂದ ಮಂಜೇಶ್ವರ, ಉಪ್ಪಳ, ಕುಂಬಳೆವರೆಗಿನ ಕಡಲ ಬದಿಯ ಮನೆಗಳಲ್ಲಿ ನಿದ್ದೆ ಕಡಿಮೆ. ಕಡಲ್ಕೊರೆತ ಎಂದರೆ ಇಲ್ಲಿ ತೆಂಗಿನಮರ ಉರುಳುವುದು, ರಸ್ತೆ ಬಿರಿಯುವುದು, ತಡೆಗೋಡೆಗೆ ಕಲ್ಲು ಹಾಕಿಸಿ ಎಂದು ಅರ್ಜಿ ಹಿಡಿದು ಅಲೆಯುವುದು. ಆದರೆ ಇದೇ ಕಡಲ್ಕೊರೆತಕ್ಕಾಗಿ ಕಾದು ಕುಳಿತುಕೊಳ್ಳುವ ಜನರೂ ಜಗತ್ತಿನಲ್ಲಿ ಇದ್ದಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಲ್ಲಿ ಚಳಿಗಾಲದ ಬಿರುಗಾಳಿ ಇಳಿದ ಮರುದಿನ ಬೆಳಿಗ್ಗೆಯೇ ಮಕ್ಕಳು, ಮುದುಕರು, ವಿಶ್ವವಿದ್ಯಾಲಯದವರು ಎಲ್ಲ ಚೀಲ ಹಿಡಿದು ತೀರಕ್ಕೆ ಇಳಿಯುತ್ತಾರೆ. ರಾತ್ರಿಯ ಅಲೆ ಬಂಡೆಯಿಂದ ಕೆಡವಿದ ಮಣ್ಣಿನಲ್ಲಿ ಅವರು ಹುಡುಕುವುದು ಪಳೆಯುಳಿಕೆ. ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಜೀವಿಗಳ ಕಲ್ಲಾದ ದೇಹ.

ಇದು ಹವ್ಯಾಸವೂ ಹೌದು, ವಿಜ್ಞಾನವೂ ಹೌದು. ಕೆಲವೊಮ್ಮೆ ಪ್ರಾಣಕ್ಕೆ ಕುತ್ತು ತರುವ ಕೆಲಸವೂ ಹೌದು. ಕಡಲು ಏನನ್ನು ದಡಕ್ಕೆ ಹಾಕುತ್ತದೆ, ಅದರಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಕಡಲ ಬದಿಯಲ್ಲೇ ಹುಟ್ಟಿ ಬೆಳೆಯುವ ಯುವಕರಿಗೂ ಬೇಕು.

ಪದರ ಪದರವಾಗಿ ಕಟ್ಟಿದ ಬಂಡೆ

ಡಾರ್ಸೆಟ್ ಮತ್ತು ಅದರ ಪಕ್ಕದ ಪೂರ್ವ ಡೆವನ್ ಸೇರಿದ ಸುಮಾರು 155 ಕಿಲೋಮೀಟರ್ ತೀರಕ್ಕೆ ಜುರಾಸಿಕ್ ಕೋಸ್ಟ್ ಎಂದು ಹೆಸರು. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಲ್ಲಿ ಕಡಲಿಗೆ ಎದುರಾಗಿ ಗೋಡೆಯಂತೆ ನಿಂತ ಕಡಿದಾದ ಬಂಡೆಗಳಲ್ಲಿ ಸುಮಾರು 18.5 ಕೋಟಿ ವರ್ಷಗಳ ಭೂಮಿಯ ಚರಿತ್ರೆ ಸಾಲಾಗಿ ಕಾಣುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ ಹಳೆ ಕಾಲದಿಂದ ಹೊಸ ಕಾಲಕ್ಕೆ ನಡೆದ ಹಾಗೆ.

ಈ ತೀರದಲ್ಲಿ ಪಳೆಯುಳಿಕೆಗೆ ಹೆಸರಾದ ಊರುಗಳು ಲೈಮ್ ರೀಜಿಸ್ ಮತ್ತು ಚಾರ್ಮತ್. ಇಲ್ಲಿನ ಬಂಡೆ ಒಂದು ಪದರ ಸುಣ್ಣಕಲ್ಲು, ಇನ್ನೊಂದು ಪದರ ಕಪ್ಪು ಜೇಡಿ ಎಂಬಂತೆ ಜೋಡಿಸಿಟ್ಟ ಹಾಗಿದೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಈ ಜಾಗ ಬೆಚ್ಚಗಿನ ಕಡಲಿನ ತಳವಾಗಿತ್ತು. ಸತ್ತ ಪ್ರಾಣಿ ಕೆಳಗೆ ಬಿದ್ದಾಗ ತಳದ ಮೆತ್ತನೆ ಕೆಸರು ಅದನ್ನು ಮುಚ್ಚಿತು. ಆ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇದ್ದ ಕಾರಣ ಕೊಳೆಯುವಿಕೆ ನಿಧಾನವಾಯಿತು. ಮೇಲೆ ಮತ್ತೆ ಮತ್ತೆ ಕೆಸರು ಬಿದ್ದು ಭಾರ ಹೆಚ್ಚಿತು, ಖನಿಜ ಕರಗಿದ ನೀರು ಎಲುಬು ಚಿಪ್ಪುಗಳ ಸಂದಿಯೊಳಗೆ ಇಳಿಯಿತು. ಕಾಲಾಂತರದಲ್ಲಿ ಎಲುಬು ಕಲ್ಲಾಯಿತು, ಆಕಾರ ಮಾತ್ರ ಹಾಗೇ ಉಳಿಯಿತು. ಕೊನೆಗೆ ಭೂಮಿಯ ಚಲನೆಯಿಂದ ಕಡಲ ತಳವೇ ಮೇಲೆದ್ದು ಬಂಡೆಯಾಗಿ ನಿಂತಿತು. ಈಗ ಅದೇ ಬಂಡೆಯನ್ನು ಇವತ್ತಿನ ಕಡಲು ಕೊರೆಯುತ್ತಿದೆ.

ಈ ವಿಚಾರ ಯುರೋಪಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಸಾವಿರ ವರ್ಷಗಳ ಹಿಂದೆಯೇ ಅಲ್-ಬಿರೂನಿ, ಅರೇಬಿಯಾದ ಮರುಭೂಮಿ ಒಂದು ಕಾಲದಲ್ಲಿ ಕಡಲಾಗಿತ್ತು ಎಂದು ಬರೆದಿದ್ದರು. ಬಾವಿ ತೋಡುವಾಗ ಸಿಗುವ ಚಿಪ್ಪುಗಳನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸಿದ್ದರು. ಅದೇ ಕಾಲದ ಇಬ್ನ್ ಸೀನಾ ಜೀವಿಗಳು ಕಲ್ಲಾಗುವ ಬಗೆಯನ್ನು ವಿವರಿಸಲು ಯತ್ನಿಸಿದ್ದರು. ಯುಎಇಯಲ್ಲಿ ದುಡಿಯುವವರು ಶಾರ್ಜಾದ ಮ್ಲೀಹಾ ಕಡೆ ಹೋದರೆ ಫಾಸಿಲ್ ರಾಕ್ ಎಂಬ ಗುಡ್ಡ ಕಾಣಬಹುದು. ಹೊಯ್ಗೆಯ ನಡುವೆ ನಿಂತ ಆ ಗುಡ್ಡದ ಕಲ್ಲಿನಲ್ಲಿ ಇರುವುದು ಕಡಲ ಜೀವಿಗಳ ಚಿಪ್ಪು.

ಬಡಗಿಯ ಮಗಳು ಕಲಿಸಿದ ವಿಜ್ಞಾನ

ಲೈಮ್ ರೀಜಿಸ್‌ನ ಮಾತು ಬಂದರೆ ಮೇರಿ ಆ್ಯನಿಂಗ್ ಹೆಸರು ಬಾರದೆ ಇರುವುದಿಲ್ಲ. 1799ರಲ್ಲಿ ಹುಟ್ಟಿದ ಆಕೆಯ ತಂದೆ ಬಡಗಿ. ಆತ ಮರದ ಕೆಲಸದ ಜೊತೆಗೆ ತೀರದಲ್ಲಿ ಸಿಕ್ಕ ವಿಚಿತ್ರ ಕಲ್ಲುಗಳನ್ನು ಪ್ರವಾಸಿಗರಿಗೆ ಮಾರಿ ನಾಲ್ಕು ಕಾಸು ಸಂಪಾದಿಸುತ್ತಿದ್ದ. 1810ರಲ್ಲಿ ಆತ ತೀರಿಕೊಂಡಾಗ ಮನೆಯ ಮೇಲೆ ಸಾಲ ಉಳಿಯಿತು. ಮಕ್ಕಳಿಗೆ ಕಲ್ಲು ಹೆಕ್ಕುವುದು ಆಟವಾಗಿ ಉಳಿಯಲಿಲ್ಲ, ಅನ್ನದ ದಾರಿಯಾಯಿತು.

1811ರಲ್ಲಿ ಅಣ್ಣ ಜೋಸೆಫ್‌ಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. ಮರುವರ್ಷ ಮೇರಿ ಅದರ ಉಳಿದ ದೇಹವನ್ನು ಪತ್ತೆ ಮಾಡಿದಳು. ಆಗ ಅವಳಿಗೆ ಹನ್ನೆರಡೋ ಹದಿಮೂರೋ ವರ್ಷ. ಸುಮಾರು 17 ಅಡಿ ಉದ್ದದ ಆ ಪ್ರಾಣಿ, ಇವತ್ತು ಇಕ್ತಿಯೋಸಾರ್ ಎಂದು ಕರೆಯುವ ಕಡಲ ಸರೀಸೃಪ. 23 ಪೌಂಡಿಗೆ ಅದು ಮಾರಾಟವಾಯಿತು. 1823ರಲ್ಲಿ ಉದ್ದ ಕತ್ತಿನ ಪ್ಲೀಸಿಯೋಸಾರ್‌ನ ಪೂರ್ಣ ಅಸ್ಥಿಪಂಜರ ಅವಳಿಗೆ ಸಿಕ್ಕಿತು. ಅಷ್ಟು ಉದ್ದದ ಕತ್ತು ಇರುವುದು ಸಾಧ್ಯವೇ ಎಂದು ಫ್ರಾನ್ಸ್‌ನ ದೊಡ್ಡ ವಿಜ್ಞಾನಿ ಕುವಿಯೆ ಮೊದಲು ಅನುಮಾನಪಟ್ಟರು, ಆಮೇಲೆ ಒಪ್ಪಿಕೊಂಡರು. 1828ರಲ್ಲಿ ಹಾರುವ ಸರೀಸೃಪವೊಂದು ಸಿಕ್ಕಿತು.

ಮೇರಿ ಬರೀ ಹೆಕ್ಕುವವಳಾಗಿರಲಿಲ್ಲ. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಉಂಡೆ ಕಲ್ಲುಗಳನ್ನು ಒಡೆದು, ಒಳಗೆ ಮೀನಿನ ಎಲುಬು, ಪೊರೆ ಇರುವುದನ್ನು ಗಮನಿಸಿದಳು. ಅದು ಕಲ್ಲಾದ ಮಲ ಎಂಬ ತೀರ್ಮಾನಕ್ಕೆ ಪ್ರೊಫೆಸರ್ ಬಕ್‌ಲ್ಯಾಂಡ್ ಬಂದದ್ದು ಅವಳ ಈ ಗಮನಿಕೆಯಿಂದಲೇ. ಕೋಟಿ ವರ್ಷದ ಹಿಂದಿನ ಪ್ರಾಣಿ ಏನು ತಿನ್ನುತ್ತಿತ್ತು ಎಂದು ಹೇಳಲು ಅಲ್ಲಿಂದ ಸಾಧ್ಯವಾಯಿತು.

ಆದರೂ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಗೆ ಅವಳು ಸದಸ್ಯೆ ಆಗುವಂತಿರಲಿಲ್ಲ. ಹೆಂಗಸರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಅವಳು ತೆಗೆದುಕೊಟ್ಟ ಎಲುಬಿನ ಮೇಲೆ ಪ್ರಬಂಧ ಬರೆದವರು ಬಹಳ ಸಲ ಅವಳ ಹೆಸರನ್ನೇ ಹಾಕಲಿಲ್ಲ. ಭಾನುವಾರದ ಶಾಲೆಯಲ್ಲಿ ಓದು ಬರಹ ಕಲಿತವಳು, ವಿಜ್ಞಾನದ ಪ್ರಬಂಧಗಳನ್ನು ಕೈಯಲ್ಲಿ ನಕಲು ಮಾಡಿಕೊಂಡು ಓದುತ್ತಿದ್ದಳು. 1847ರಲ್ಲಿ 47ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವಳ ಊರಿನಲ್ಲಿ ಅವಳ ಪ್ರತಿಮೆ ನಿಂತದ್ದು 2022ರಲ್ಲಿ.

ತೀರದಲ್ಲಿ ಸಿಗುವುದೇನು?

ಹೊಸಬರಿಗೆ ಅಸ್ಥಿಪಂಜರ ಸಿಗುವುದಿಲ್ಲ. ಹೆಚ್ಚಾಗಿ ಸಿಗುವುದು ಅಮೊನೈಟ್, ಸುರುಳಿ ಸುತ್ತಿದ ಚಿಪ್ಪಿನ ಕಡಲ ಜೀವಿ. ನೇಪಾಳದ ಗಂಡಕಿ ನದಿಯಲ್ಲಿ ಸಿಕ್ಕಿ ಹಿಂದೂ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ನೋಡಿದವರಿಗೆ ಇದರ ಗುರುತು ಹತ್ತುತ್ತದೆ. ಅದರೊಳಗಿನ ಚಕ್ರವೂ ಅಮೊನೈಟ್‌ನ ಅಚ್ಚೇ. ಬಂದೂಕಿನ ಗುಂಡಿನ ಆಕಾರದ ಬೆಲೆಮ್ನೈಟ್ ಇನ್ನೊಂದು. ಇದು ಬೊಂಡಾಸ್ ಮೀನಿನ ದೂರದ ಬಂಧುವಿನ ದೇಹದೊಳಗಿನ ಗಟ್ಟಿ ಭಾಗ. ಅದೃಷ್ಟ ಇದ್ದರೆ ಇಕ್ತಿಯೋಸಾರ್‌ನ ಬೆನ್ನೆಲುಬಿನ ಒಂದು ಮಣಿ ಸಿಗುತ್ತದೆ. ಕೇರಂ ಕಾಯಿಯ ಹಾಗೆ ದುಂಡಗೆ, ಎರಡೂ ಬದಿ ನಡುವೆ ತಗ್ಗು.

ಹುಡುಕುವ ರೀತಿಯೂ ಸರಳ. ಭರತ ಇಳಿಯುತ್ತಿರುವಾಗ ತೀರಕ್ಕೆ ಇಳಿಯಬೇಕು, ಏರುವ ಮೊದಲೇ ವಾಪಸ್ ಬರಬೇಕು. ಕಲ್ಲು ಒಡೆಯುವ ಬದಲು ಬಗ್ಗಿ ನೋಡಬೇಕು. ಪ್ರಕೃತಿಯಲ್ಲಿ ಸಾಮಾನ್ಯ ಕಲ್ಲಿಗೆ ಇರದ ಸಮ ಗೆರೆ, ಸುರುಳಿ, ನಕ್ಷತ್ರದ ಆಕಾರ ಕಂಡರೆ ನಿಲ್ಲಬೇಕು. ಮನೆಗೆ ತಂದದ್ದನ್ನು ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆಯಬೇಕು. ಚಾರ್ಮತ್‌ನ ಕೆಲವು ಅಮೊನೈಟ್‌ಗಳು ಚಿನ್ನದಂತೆ ಹೊಳೆಯುತ್ತವೆ. ಅದು ಚಿನ್ನ ಅಲ್ಲ, ಪೈರೈಟ್ ಎಂಬ ಕಬ್ಬಿಣ ಗಂಧಕದ ಖನಿಜ. ತೇವದಲ್ಲಿ ಇಟ್ಟರೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಹೋಗುತ್ತದೆ.

ಬಂಡೆ ಬುಡದಲ್ಲಿ ಸಾವು

ಈ ಹುಡುಕಾಟದ ಮೊದಲ ನಿಯಮ: ಬಂಡೆಯ ಬುಡಕ್ಕೆ ಹೋಗಬಾರದು. ಪಳೆಯುಳಿಕೆ ಕೊಡುವ ಬಂಡೆ ಯಾವತ್ತೂ ಗಟ್ಟಿ ಬಂಡೆಯಲ್ಲ. ಕುಸಿಯುವುದರಿಂದಲೇ ಅದು ಕೊಡುತ್ತದೆ. 1833ರಲ್ಲಿ ಮೇರಿ ಆ್ಯನಿಂಗ್‌ಳ ಜೊತೆ ಸದಾ ಇರುತ್ತಿದ್ದ ನಾಯಿ ಅವಳ ಕಣ್ಣೆದುರೇ ಕುಸಿತಕ್ಕೆ ಸಿಕ್ಕಿ ಸತ್ತಿತು, ಅವಳು ಕೂದಲೆಳೆಯಲ್ಲಿ ಪಾರಾದಳು. 2012ರ ಜುಲೈನಲ್ಲಿ ಅದೇ ಕರಾವಳಿಯ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ ತೀರದಲ್ಲಿ ನಡೆಯುತ್ತಿದ್ದ ಯುವತಿಯೊಬ್ಬಳ ಮೇಲೆ ನೂರಾರು ಟನ್ ಬಂಡೆ ಬಿದ್ದು ಆಕೆ ಮೃತಪಟ್ಟಳು. ಮಳೆ ಬಂದು ನೀರು ಕುಡಿದ ಬಂಡೆ ಬಿಸಿಲು ಬಂದ ಮೇಲೂ ಕುಸಿಯಬಹುದು.

ಎರಡನೇ ನಿಯಮ: ಬಿದ್ದದ್ದನ್ನು ಹೆಕ್ಕು, ನಿಂತದ್ದನ್ನು ಅಗೆಯಬೇಡ. ಲೈಮ್ ರೀಜಿಸ್‌ನಿಂದ ಬರ್ಟನ್ ಬ್ರಾಡ್‌ಸ್ಟಾಕ್‌ವರೆಗಿನ ತೀರಕ್ಕೆ ಒಂದು ನೀತಿ ಸಂಹಿತೆ ಇದೆ. ತೀರದಲ್ಲಿ ಬಿದ್ದ ಪಳೆಯುಳಿಕೆ ಹೆಕ್ಕಿದವರಿಗೇ ಸೇರುತ್ತದೆ. ಬಂಡೆಯನ್ನು ಅನುಮತಿ ಇಲ್ಲದೆ ಅಗೆಯುವಂತಿಲ್ಲ. ವಿಜ್ಞಾನಕ್ಕೆ ಮುಖ್ಯವಾದದ್ದು ಸಿಕ್ಕರೆ ಚಾರ್ಮತ್‌ನ ಕೇಂದ್ರದಲ್ಲಿ ದಾಖಲಿಸಬೇಕು. ಮಾರುವುದಾದರೆ ಮೊದಲ ಆರು ತಿಂಗಳು ವಸ್ತುಸಂಗ್ರಹಾಲಯಗಳಿಗೇ ಅವಕಾಶ ಕೊಡಬೇಕು. ಹೆಕ್ಕುವುದನ್ನೇ ನಿಷೇಧಿಸಿದರೆ ಏನಾಗುತ್ತದೆ? ಮುಂದಿನ ಅಲೆ ಅದನ್ನು ಪುಡಿ ಮಾಡಿ ಒಯ್ಯುತ್ತದೆ. ಆದ್ದರಿಂದ ಹೆಕ್ಕಲಿ, ಆದರೆ ಹೇಳಿ ಹೆಕ್ಕಲಿ ಎಂಬುದು ಅಲ್ಲಿನ ಲೆಕ್ಕಾಚಾರ.

ಇದರ ಫಲ ದೊಡ್ಡದು. 2022ರಲ್ಲಿ ಕಿಮರಿಜ್ ತೀರದಲ್ಲಿ ನಡೆಯುತ್ತಿದ್ದ ಹವ್ಯಾಸಿಯೊಬ್ಬರಿಗೆ ಪ್ಲಿಯೋಸಾರ್ ಎಂಬ ಕಡಲ ಬೇಟೆಗಾರನ ಮೂತಿಯ ತುದಿ ಸಿಕ್ಕಿತು. ಅವರು ಅದನ್ನು ಮನೆಯಲ್ಲಿ ಅಡಗಿಸಿಡಲಿಲ್ಲ, ತಿಳಿದವರಿಗೆ ತಿಳಿಸಿದರು. ಡ್ರೋನ್ ಹಾರಿಸಿ ಬಂಡೆಯಲ್ಲಿ ಉಳಿದ ಭಾಗವನ್ನು ಗುರುತಿಸಿ, ಹಗ್ಗಕ್ಕೆ ಜೋತುಬಿದ್ದು ಅದನ್ನು ಬಿಡಿಸಿ ತೆಗೆದರು. ಸುಮಾರು 15 ಕೋಟಿ ವರ್ಷ ಹಳೆಯ, ಎರಡು ಮೀಟರ್ ಉದ್ದದ ಆ ತಲೆಬುರುಡೆ ಈಗ ಅಲ್ಲೇ ಪಕ್ಕದ ಸಂಗ್ರಹಾಲಯದಲ್ಲಿದೆ.

ಅಂಬರ್: ಕಲ್ಲಲ್ಲದ ಕಲ್ಲು

ಕಡಲ ತೀರದಲ್ಲಿ ಹುಡುಕುವ ಇನ್ನೊಂದು ವಸ್ತು ಅಂಬರ್. ಇದು ಕಲ್ಲಲ್ಲ, ಮರದ ರಾಳ. ಹಲಸಿನ ಮರಕ್ಕೆ ಕತ್ತಿ ತಾಗಿದರೆ ಅಂಟು ಒಸರುವ ಹಾಗೆ, ಪ್ರಾಚೀನ ಕಾಡಿನ ಮರಗಳಿಂದ ಸುರಿದ ರಾಳ ಮಣ್ಣಿನೊಳಗೆ ಹೂತು ಗಟ್ಟಿಯಾಗಿ ಅಂಬರ್ ಆಯಿತು. ಅಂಟಿಕೊಂಡ ಸೊಳ್ಳೆ, ಇರುವೆ, ಜೇಡ ಒಳಗೇ ಉಳಿದವು.

ಜಗತ್ತಿನ ಅಂಬರ್‌ನ ಬಹುಪಾಲು ಇರುವುದು ಬಾಲ್ಟಿಕ್ ಕಡಲ ದಂಡೆಯಲ್ಲಿ, ಇವತ್ತಿನ ರಷ್ಯಾದ ಕಲಿನಿನ್‌ಗ್ರಾಡ್ ಪ್ರದೇಶದ ಬಂಡೆ ತೀರದಲ್ಲಿ. ಸುಮಾರು 4 ಕೋಟಿ ವರ್ಷ ಹಳೆಯದು. ಅದು ನೀರಿಗಿಂತ ಸ್ವಲ್ಪವೇ ಭಾರ. ಹಾಗಾಗಿ ಬಿರುಗಾಳಿ ತಳವನ್ನು ಕಲಕಿದಾಗ ಕಡಲ ಪಾಚಿಯ ಜೊತೆ ದಡಕ್ಕೆ ಬರುತ್ತದೆ, ಇಂಗ್ಲೆಂಡಿನ ಪೂರ್ವ ತೀರದಲ್ಲೂ ಸಿಗುತ್ತದೆ. ಮಧ್ಯಯುಗದಲ್ಲಿ ಬಾಲ್ಟಿಕ್ ತೀರವನ್ನು ಆಳುತ್ತಿದ್ದ ಟ್ಯೂಟಾನಿಕ್ ಸೇನಾಪಂಥ ಅಂಬರನ್ನು ತನ್ನದೇ ಸೊತ್ತು ಮಾಡಿಕೊಂಡಿತ್ತು. ಕದ್ದು ಹೆಕ್ಕಿದ ಬಡವರಿಗೆ ನೇಣಿನ ಶಿಕ್ಷೆಯೂ ಇತ್ತು. ಆ ಅಂಬರ್ ಹೋಗುತ್ತಿದ್ದದ್ದು ಮುಖ್ಯವಾಗಿ ಕ್ರೈಸ್ತರ ಜಪಮಣಿ ಮಾಡುವವರ ಕೈಗೆ. ಪೂರ್ವಕ್ಕೂ ಅದು ಹೋಗುತ್ತಿತ್ತು. 10ನೇ ಶತಮಾನದ ಭೂಗೋಳಜ್ಞ ಅಲ್-ಮುಖದ್ದಸಿ, ಖ್ವಾರಿಝ್ಮ್‌ನಿಂದ ಬರುವ ಸರಕುಗಳ ಪಟ್ಟಿಯಲ್ಲಿ ತುಪ್ಪಳ, ಜೇನು, ಮೇಣದ ಜೊತೆ ಅಂಬರನ್ನೂ ಸೇರಿಸಿದ್ದಾರೆ. ಗಲ್ಫ್‌ನ ಸೂಕ್‌ಗಳಲ್ಲಿ ಇವತ್ತಿಗೂ ಕಹ್ರಮಾನ್ ತಸ್ಬೀಹ್ ಮಾಲೆಗೆ ಬೆಲೆ ಹೆಚ್ಚು.

ಗಲ್ಫ್‌ನಲ್ಲಿದ್ದು ಬಂದವರಿಗೆ ಕಹ್ರಬಾ ಎಂದರೆ ಕರೆಂಟು. ಆ ಪದದ ಮೂಲವೂ ಅಂಬರೇ. ಪರ್ಶಿಯನ್ ಭಾಷೆಯಲ್ಲಿ ಕಾಹ್‌ರುಬಾ ಎಂದರೆ ಹುಲ್ಲುಕಡ್ಡಿ ಸೆಳೆಯುವುದು. ಅಂಬರನ್ನು ಉಣ್ಣೆಬಟ್ಟೆಗೆ ಉಜ್ಜಿದರೆ ಕಡ್ಡಿ, ಕಾಗದದ ಚೂರು ಬಂದು ಅಂಟುತ್ತದೆ. ಗ್ರೀಕರು ಅಂಬರಿಗೆ ಎಲೆಕ್ಟ್ರಾನ್ ಎನ್ನುತ್ತಿದ್ದರು, ಎಲೆಕ್ಟ್ರಿಸಿಟಿ ಎಂಬ ಪದ ಬಂದದ್ದು ಅಲ್ಲಿಂದ. ಎರಡು ಭಾಷೆಗಳು ಒಂದೇ ವಸ್ತುವಿನಿಂದ ಒಂದೇ ಹೆಸರಿಗೆ ಬಂದವು.

ಅಸಲಿಯೋ ನಕಲಿಯೋ?

ನಕಲಿ ಅಂಬರ್ ಮಾರುಕಟ್ಟೆ ದೊಡ್ಡದು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಉಪ್ಪುನೀರಿನದು. ಒಂದು ಲೋಟ ನೀರಿಗೆ ಕರಗುವಷ್ಟೂ ಉಪ್ಪು ಹಾಕಿ ಮಣಿ ಬಿಟ್ಟರೆ ಅಂಬರ್ ತೇಲುತ್ತದೆ. ಗಾಜು, ಕಲ್ಲು, ಹಳೆ ಬೇಕಲೈಟ್ ಮುಳುಗುತ್ತವೆ. ಆದರೆ ಕೆಲವು ಪ್ಲಾಸ್ಟಿಕ್‌ಗಳೂ ತೇಲುತ್ತವೆ, ಆದ್ದರಿಂದ ಒಂದೇ ಪರೀಕ್ಷೆ ನಂಬಿ ದುಡ್ಡು ಕೊಡಬಾರದು. ಕೋಪಲ್ ಎಂಬುದು ಪೂರ್ತಿ ಅಂಬರ್ ಆಗದ ಎಳೆಯ ರಾಳ. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಒಂದು ಹನಿ ಬಿದ್ದರೆ ಅದು ಅಂಟಂಟಾಗುತ್ತದೆ, ಬಾಲ್ಟಿಕ್ ಅಂಬರ್ ಹಾಗೆ ಆಗುವುದಿಲ್ಲ.

ಬಾಲ್ಟಿಕ್ ತೀರದಲ್ಲಿ ಇನ್ನೂ ಗಂಭೀರವಾದ ಅಪಾಯ ಇದೆ. ಎರಡನೇ ಮಹಾಯುದ್ಧದ ಬೆಂಕಿ ಬಾಂಬುಗಳಲ್ಲಿದ್ದ ಬಿಳಿ ರಂಜಕ ಇವತ್ತಿಗೂ ಜರ್ಮನಿಯ ಯೂಸೆಡಮ್ ದ್ವೀಪದಂಥ ಕಡೆ ತೀರಕ್ಕೆ ಬರುತ್ತದೆ. ನೋಡಲು ಹಳದಿ, ಥೇಟ್ ಅಂಬರ್. ಒದ್ದೆ ಇರುವಾಗ ಸುಮ್ಮನಿರುತ್ತದೆ. ಜೇಬಿಗೆ ಹಾಕಿಕೊಂಡವರ ಮೈಬಿಸಿಗೆ ಒಣಗಿದ ಕೂಡಲೇ ತಾನಾಗಿ ಹೊತ್ತಿಕೊಂಡು ಮಾಂಸ ಸುಡುತ್ತದೆ. ಹೀಗೆ ಸುಟ್ಟುಕೊಂಡವರು ಒಬ್ಬಿಬ್ಬರಲ್ಲ. ಅದಕ್ಕೇ ಅಲ್ಲಿ ಹೆಕ್ಕಿದ್ದನ್ನು ಜೇಬಿಗಲ್ಲ, ಲೋಹದ ಡಬ್ಬಿಗೆ ಹಾಕಿ ಮೈಯಿಂದ ದೂರ ಇಡಿ ಎಂದು ಎಚ್ಚರಿಸುತ್ತಾರೆ. ಓದಲಿಕ್ಕೋ ಕೆಲಸಕ್ಕೋ ಜರ್ಮನಿ, ಪೋಲೆಂಡ್ ಕಡೆ ಹೋಗುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು.

ಹೆಸರು ಒಂದೇ, ಕೇಸು ಬೇರೆ

ಅಂಬರ್ ಎಂದ ಕೂಡಲೇ ಕರಾವಳಿಯಲ್ಲಿ ಹಲವರಿಗೆ ನೆನಪಾಗುವುದು ಅಂಬರ್‌ಗ್ರಿಸ್, ಪೇಪರಿನಲ್ಲಿ ಬರುವ ತಿಮಿಂಗಿಲ ವಾಂತಿ. ಅರಬಿಯ ಅಂಬರ್ ಎಂಬ ಪದ ಮೊದಲು ಇದ್ದದ್ದು ಇದಕ್ಕೇ. ಎರಡೂ ಕಡಲ ದಡಕ್ಕೆ ಬಂದು ಬೀಳುವ ಕಾರಣ ಯುರೋಪಿನವರು ರಾಳಕ್ಕೂ ಅದೇ ಹೆಸರು ಹಚ್ಚಿದರು. ಆದರೆ ಎರಡಕ್ಕೂ ಏನೂ ಸಂಬಂಧ ಇಲ್ಲ. ಅಂಬರ್‌ಗ್ರಿಸ್ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ ಮೇಣದಂಥ ವಸ್ತು. ಸುಗಂಧ ದ್ರವ್ಯದಲ್ಲಿ ವಾಸನೆ ಬಹುಕಾಲ ನಿಲ್ಲಲು ಬಳಸುತ್ತಾರೆ.

ಬಾಲ್ಟಿಕ್ ಅಂಬರ್ ಮಾಲೆ ಕೊಂಡುಕೊಳ್ಳುವುದು ಅಪರಾಧ ಅಲ್ಲ. ಅಂಬರ್‌ಗ್ರಿಸ್ ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದು ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ದಡದಲ್ಲಿ ಬಿದ್ದು ಸಿಕ್ಕಿದ್ದು, ಯಾರನ್ನೂ ಕೊಂದದ್ದಲ್ಲ ಎಂಬ ಮಾತು ಕೋರ್ಟಿನಲ್ಲಿ ರಕ್ಷಣೆ ಆಗಲಿಕ್ಕಿಲ್ಲ. ಕೋಟಿ ರೂಪಾಯಿ ಸಿಗುತ್ತದೆ ಎಂಬ ಆಸೆಗೆ ಬಿದ್ದು ಕರ್ನಾಟಕ, ಕೇರಳ ಎರಡೂ ಕಡೆ ಯುವಕರು ಜೈಲು ಸೇರಿದ ಸುದ್ದಿ ಆಗಾಗ ಬರುತ್ತಲೇ ಇದೆ. ಅಂಥದ್ದೇನಾದರೂ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ.

ನಮ್ಮ ಕಡಲಲ್ಲಿ ಯಾಕಿಲ್ಲ?

ಬೇಕಲ ಕೋಟೆಯ ಕೆಳಗೂ ಬಂಡೆ ಇದೆ, ಕಡಲೂ ಹೊಡೆಯುತ್ತದೆ. ಮತ್ತೆ ಅಲ್ಲಿ ಅಮೊನೈಟ್ ಯಾಕಿಲ್ಲ? ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲು ಕಡಲ ತಳದಲ್ಲಿ ಕಟ್ಟಿದ ಕಲ್ಲಲ್ಲ. ಹಳೆ ಬಂಡೆ ಮಳೆ ಬಿಸಿಲಿಗೆ ಕೊಳೆತು ಕಬ್ಬಿಣದ ಅಂಶ ಉಳಿದು ಆದದ್ದು. ಅದರ ಅಡಿಯ ಬಂಡೆ ಪ್ರಾಣಿಗಳೇ ಹುಟ್ಟುವುದಕ್ಕೆ ಮುಂಚಿನದು, ಭೂಗರ್ಭದ ಶಾಖ ಒತ್ತಡದಲ್ಲಿ ಬೆಂದದ್ದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಲಾವಾ ತಣಿದು ಆದವು. ಲಾವಾದಲ್ಲಿ ಎಲುಬು ಉಳಿಯುವುದಿಲ್ಲ.

ಆದರೆ ತೆಂಕಣಕ್ಕೆ ಹೋದರೆ ಕತೆ ಬದಲಾಗುತ್ತದೆ. ತಿರುವನಂತಪುರ ಜಿಲ್ಲೆಯ ವರ್ಕಲದಲ್ಲಿ ಮರಳುಗಲ್ಲು, ಜೇಡಿ ಮತ್ತು ಹಳೆ ಕಾಡು ಕಪ್ಪಾಗಿ ಉಳಿದ ಲಿಗ್ನೈಟ್ ಪದರಗಳ ಬಂಡೆ ಕಡಲಿಗೆ ಎದುರಾಗಿ ನಿಂತಿದೆ. ಕೊಲ್ಲಂ ಬಳಿ ಅಷ್ಟಮುಡಿ ಹಿನ್ನೀರಿನ ದಂಡೆಯ ಪಡಪ್ಪಕ್ಕರದಲ್ಲಿ ಚಿಪ್ಪುಗಳಿಂದ ತುಂಬಿದ ಸುಣ್ಣಕಲ್ಲು ಇದೆ. ತಮಿಳುನಾಡಿನ ಅರಿಯಲೂರು ಕಡೆ ಕಡಲಿನಿಂದ ಎಷ್ಟೋ ದೂರದ ಹೊಲಗಳಲ್ಲಿ ಅಮೊನೈಟ್ ಸಿಗುತ್ತದೆ. ವರ್ಕಲದ ಬಂಡೆ ಮತ್ತು ಸೇಂಟ್ ಮೇರೀಸ್ ದ್ವೀಪ ಎರಡೂ 2025ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಇವು ನೋಡುವ ಜಾಗಗಳು, ಅಗೆಯುವ ಜಾಗಗಳಲ್ಲ. ವರ್ಕಲದ ಬಂಡೆಯೂ ಮಳೆಗಾಲದಲ್ಲಿ ಕುಸಿಯುತ್ತದೆ ಎಂಬುದು ಪ್ರವಾಸ ಹೋಗುವವರ ಗಮನದಲ್ಲಿರಲಿ.

ಸಿಕ್ಕರೆ ಏನು ಮಾಡಬೇಕು?

ಊರಿನಲ್ಲೇ ಆಗಲಿ, ಹೊರದೇಶದಲ್ಲೇ ಆಗಲಿ, ವಿಚಿತ್ರ ಆಕಾರದ ಕಲ್ಲು ಕಂಡರೆ ಮೊದಲು ಅದು ಇದ್ದ ಜಾಗದಲ್ಲೇ ಫೋಟೊ ತೆಗೆಯಬೇಕು. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಇಡಬೇಕು. ಫೋನಿನ ಮ್ಯಾಪ್‌ನಲ್ಲಿ ಜಾಗ ಗುರುತು ಮಾಡಿ ತಾರೀಕು ಬರೆದುಕೊಳ್ಳಬೇಕು. ಆ ದೇಶದ, ಆ ಜಾಗದ ನಿಯಮ ತಿಳಿದ ಮೇಲೆ ಮಾತ್ರ ಕೈಗೆತ್ತಿಕೊಳ್ಳಬೇಕು. ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೋ ತೋರಿಸಬಹುದು.

ಎಲ್ಲಿಂದ ಬಂತೆಂದು ಗೊತ್ತಿಲ್ಲದ ಪಳೆಯುಳಿಕೆ ಶೋಕೇಸಿನ ಕಲ್ಲು ಮಾತ್ರ. ಯಾವ ಪದರದಿಂದ ಬಿತ್ತು, ಜೊತೆಯಲ್ಲಿ ಏನಿತ್ತು ಎಂದು ಬರೆದಿಟ್ಟರೆ ಅದೇ ಕಲ್ಲು ಒಂದು ಕಾಲದ ಕಡಲಿನ ಬಗ್ಗೆ ಹೇಳುತ್ತದೆ. ಬಡಗಿಯ ಮಗಳೊಬ್ಬಳು ಇನ್ನೂರು ವರ್ಷಗಳ ಹಿಂದೆ ಮಾಡಿದ ಕೆಲಸ ಇದೇ. ಅವಳ ಕಾಲದಲ್ಲಿ ಹೆಕ್ಕಿದವಳ ಹೆಸರು ಬಿಟ್ಟುಹೋಗುತ್ತಿತ್ತು. ಇವತ್ತು ದಾಖಲಿಸಿ ತಿಳಿಸಿದವರ ಹೆಸರು ಪಳೆಯುಳಿಕೆಯ ಜೊತೆಗೇ ಸಂಗ್ರಹಾಲಯದ ಪುಸ್ತಕದಲ್ಲಿ ಉಳಿಯುತ್ತದೆ.